ಮಲ್ಕಾ ನೋಡಿಕೊಳ್ಳುತ್ತಾಳೆ

ಅಟ್ಟೂರು ಬಡಾವಣೆ, ಯಲಹಂಕ
12 ಜೂನ್ 2024

ಧನು,

ಭಾನುವಾರ ನಿನಗೆ ಫೋನು ಸಿಕ್ಕಿದ್ದೇ ಹತ್ತು ನಿಮಿಷ. ಅದರಲ್ಲಿ ಎಂಟು ನಿಮಿಷ ನಿಮ್ಮಪ್ಪನೇ ಮಾತಾಡಿಬಿಟ್ಟರು. ನಿನ್ನ ಹಿಂದೆ ಸಾಲಿನಲ್ಲಿ ನಿಂತ ಹುಡುಗಿಯರು ‘ಬೇಗ, ಬೇಗ’ ಎನ್ನುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಪೊಲೀಸ್ ತರಬೇತಿಯಲ್ಲಿ ಫೋನು ತೆಗೆದಿಡುತ್ತಾರೆ, ಕಾಗದವನ್ನು ಮಾತ್ರ ಕೈಗೆ ಕೊಡುತ್ತಾರೆ ಎಂದು ನೀನು ಹೇಳಿದ ಮೇಲೆ, ಎಷ್ಟೋ ವರ್ಷದ ನಂತರ ಅಂಚೆ ಕಚೇರಿಗೆ ಹೋಗಿ ಕವರ್ ತಂದಿದ್ದೇನೆ.

ವಿಷಯ ಇಷ್ಟು. ನನ್ನನ್ನು ಸೂಪರ್‌ವೈಸರ್ ಮಾಡಿದ್ದಾರೆ. ಹದಿನಾರು ವರ್ಷ ಬೆಂಚಿನ ಮುಂದೆ ಕೂತು ವಿಮಾನದ ವೈರುಗಳನ್ನು ಜಡೆ ಹೆಣೆದ ಹಾಗೆ ಕಟ್ಟಿದವಳಿಗೆ ಈಗ ಹನ್ನೆರಡು ಹೆಂಗಸರ ಜವಾಬ್ದಾರಿ. ಸಂತೋಷಪಡಬೇಕು. ಆದರೆ ನಮ್ಮ ಕಾರ್ಖಾನೆಗೆ ಫ್ರಾನ್ಸಿನ ಒಂದು ಕಾರ್ಖಾನೆಯ ಕೆಲಸ ಬಂದಿದೆ. ವಾರಕ್ಕೆರಡು ದಿನ ಮಧ್ಯಾಹ್ನ ಒಂದೂವರೆಗೆ ಪರದೆಯ ಮೇಲೆ ಅವರೊಡನೆ ಮೀಟಿಂಗು. ಅಲ್ಲಿನ ಸೂಪರ್‌ವೈಸರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ಇಲ್ಲಿಂದ ಮೂವರು ಫ್ರೆಂಚ್ ಕಲಿಯಬೇಕಂತೆ. ಆಗಸ್ಟಿನಲ್ಲಿ ಪರೀಕ್ಷೆ. ಪಾಸಾಗದಿದ್ದರೆ ವಾಪಸ್ ಬೆಂಚಿಗೆ. ಉಳಿದಿಬ್ಬರೂ ಡಿಪ್ಲೊಮಾ ಮಾಡಿದವರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವರಿಗೇನು.

ಆರ್.ಟಿ. ನಗರದಿಂದ ಫರೀದಾ ಎನ್ನುವ ಮೇಡಂ ಬಂದು ಪಾಠ ಮಾಡುತ್ತಾರೆ. ಹೂವು, ಹಣ್ಣು, ನಿಮ್ಮ ಹೆಸರೇನು ಎಂಬುದೆಲ್ಲ ಇಲ್ಲ. ಕೆಲಸ ಯೋಜಿಸುವ, ಹಂಚುವ ಮಾತುಗಳು ಮಾತ್ರ. ‘ಕಿ ಸಾಂ ಶಾರ್ಜ್?’ ಎಂದರೆ, ಇದನ್ನು ಯಾರು ವಹಿಸಿಕೊಳ್ಳುತ್ತೀರಿ. ‘ಪುರ್ ಕಾಂ?’ ಎಂದರೆ, ಯಾವಾಗಿನೊಳಗೆ. ‘ಜ್ ಮಾನೊಕ್ಯುಪ್’, ನಾನು ನೋಡಿಕೊಳ್ಳುತ್ತೇನೆ. ‘ಸೆ ಫೆ’, ಆಗಿದೆ. ಎಲ್ಲವನ್ನೂ ಕನ್ನಡದಲ್ಲೇ ಬರೆದುಕೊಂಡಿದ್ದೇನೆ. ಓದಲು ಬರುತ್ತದೆ. ಅವರು ಕೇಳಿದ ಕೂಡಲೇ ಬಾಯಿಗೆ ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಗಣಿತದ ದಿನ ಆಗಿದ್ದಂತೆ.

ಪಕ್ಕದ ಬೆಂಚಿನ ಮಲ್ಕಾ ಇರುವುದೇ ಒಂದು ಧೈರ್ಯ. ಅವಳು ಕಲಿಯಲೇಬೇಕೆಂದಿಲ್ಲ. ಆದರೂ ಸಂಜೆ ವ್ಯಾನಿಗೆ ಕಾಯುವಾಗ ನನ್ನ ಪುಸ್ತಕ ಕಿತ್ತುಕೊಂಡು ಪ್ರಶ್ನೆ ಕೇಳುತ್ತಾಳೆ. ಕೇಳಿ ಕೇಳಿ ಅವಳಿಗೇ ನನಗಿಂತ ಚೆನ್ನಾಗಿ ಬರುತ್ತಿದೆ. ನಿನ್ನೆ, “ರಾಧಕ್ಕ, ನೀವು ಬಾಯಿ ಬಿಡೋಕೆ ಮುಂಚೆನೇ ತಪ್ಪು ಅಂತ ತೀರ್ಮಾನ ಮಾಡ್ಬಿಡ್ತೀರ. ತಪ್ಪಾದ್ರೆ ಏನಾಗುತ್ತೆ, ನಗ್ತಾರೆ ಅಷ್ಟೆ” ಎಂದಳು.

ಅವರು ನಗುತ್ತಾರೆಂಬುದೇ ಹೆದರಿಕೆ ಎಂದು ಅವಳಿಗೆ ಹೇಳಲಿಲ್ಲ.

ಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗು.

ನಿನ್ನ ಅಮ್ಮ

•

ತರಬೇತಿ ಶಾಲೆ, ಕಲಬುರಗಿ
23 ಜೂನ್ 2024

ಸೂಪರ್‌ವೈಸರ್ ಅಮ್ಮನಿಗೆ,

ನಿನ್ನ ಕಾಗದವನ್ನು ನಮ್ಮ ಬ್ಯಾರಕ್ಕಿನಲ್ಲಿ ಮೂರು ಜನ ಓದಿದರು. ಈಗ ಬೆಳಿಗ್ಗೆ ಮೈದಾನ ಗುಡಿಸುವ ಕೆಲಸ ಬಂದಾಗಲೆಲ್ಲ ಒಬ್ಬಳು ‘ಕಿ ಸಾಂ ಶಾರ್ಜ್’ ಎನ್ನುತ್ತಾಳೆ, ಎಲ್ಲರೂ ಆಕಾಶ ನೋಡುತ್ತೇವೆ.

ಇಲ್ಲಿ ಬಿಸಿಲು ಇಳಿದಿಲ್ಲ. ಐದು ಗಂಟೆಗೆ ಓಟ. ಆಮೇಲೆ ಕವಾಯತು. ಮಧ್ಯಾಹ್ನ ಕಾನೂನಿನ ಪಾಠ. ಕೃಷ್ಣಮ್ಮ ಎಂಬ ಇನ್‌ಸ್ಪೆಕ್ಟರ್ ಪಾಠ ಮಾಡುತ್ತಾರೆ. ಮಾತು ಕಡಿಮೆ, ಆದರೆ ಅವರ ತರಗತಿಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ನನಗೆ ಮೊಣಕಾಲಿನದೇ ಚಿಂತೆ. ಸೆಪ್ಟೆಂಬರಿನಲ್ಲಿ ಓಟದ ಪರೀಕ್ಷೆ ಇದೆ. ನಮ್ಮಿಬ್ಬರ ಹಣೆಬರಹವೂ ಪರೀಕ್ಷೆಯೇ.

ಅಮ್ಮ, ಒಂದು ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನಿನಗೆ ಕಷ್ಟವಾಗುತ್ತಿರುವುದು ಫ್ರೆಂಚ್ ಅಲ್ಲ. ಕೆಲಸ ಹಂಚುವ ಮಾತು ನಿನಗೆ ಕನ್ನಡದಲ್ಲೂ ಬರುವುದಿಲ್ಲ. ನಾನು ಹತ್ತನೇ ಕ್ಲಾಸಿಗೆ ಬಂದರೂ ಒಂದು ಲೋಟ ತೊಳೆ ಎಂದು ನೀನು ಹೇಳಿದ್ದು ನೆನಪಿಲ್ಲ. ನಾನು ಏಳುವಷ್ಟರಲ್ಲಿ “ಬಿಡು, ನಾನೇ ಮಾಡ್ತೀನಿ” ಎನ್ನುತ್ತಿದ್ದೆ. ಅದರ ಹಿಂದೆಯೇ ಒಂದು ನಿಟ್ಟುಸಿರು. ಅಪ್ಪ ಬಸ್ಸಿನ ಡ್ಯೂಟಿ ಮುಗಿಸಿ ಬಂದು ತಟ್ಟೆ ಎತ್ತಿಡಲು ಹೋದರೂ ಅಷ್ಟೆ. ಈಗ ಹನ್ನೆರಡು ಜನರ ಕೆಲಸವನ್ನೂ ನೀನೇ ಮಾಡಲು ಹೊರಟರೆ ಹೇಗೆ? ಮಲ್ಕಾ ಆಂಟಿಗೆ ಅರ್ಧ ವಹಿಸು. ಅವರು ಹೊರುತ್ತಾರೆ.

ದೇಹದಾರ್ಢ್ಯ ಪರೀಕ್ಷೆಯ ದಿನ ಅವರು ಹೊಲಿದುಕೊಟ್ಟ ಟ್ರ್ಯಾಕ್ ಪ್ಯಾಂಟನ್ನೇ ಇಲ್ಲೂ ಹಾಕುತ್ತಿದ್ದೇನೆ ಎಂದು ಹೇಳು.

ಧನುಶ್ರೀ

•

ಅಟ್ಟೂರು
14 ಆಗಸ್ಟ್ 2024

ಧನು,

ಪಾಸಾದೆ. ಮೊದಲು ಅದನ್ನೇ ಬರೆಯುತ್ತೇನೆ. ನೂರಕ್ಕೆ ಅರವತ್ತೊಂದು. ಫರೀದಾ ಮೇಡಂ ಕೈ ಕುಲುಕಿದರು. ಮ್ಯಾನೇಜರ್ ಮಹೇಂದ್ರ ಸರ್ ಮೈಸೂರು ಪಾಕ್ ತರಿಸಿದರು. ನನಗೆ ಒಂದು ತುಂಡೂ ಇಳಿಯಲಿಲ್ಲ.

ಮೀಟಿಂಗುಗಳು ಜುಲೈನಲ್ಲೇ ಶುರುವಾದವು. ಆ ಕಡೆ ಇರುವಾಕೆಯ ಹೆಸರು ಸೊಲಾಂಜ್. ನನ್ನದೇ ವಯಸ್ಸು, ಕತ್ತರಿಸಿದ ಬಿಳಿ ಕೂದಲು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡೇ ಮಾತಾಡುತ್ತಾಳೆ. ಅವರಲ್ಲೂ ನೀನು, ನೀವು ಇದೆ, ‘ತು’, ‘ವು’. ಮೊದಲ ದಿನ ಗಾಬರಿಯಲ್ಲಿ ನಾನು ಅವಳನ್ನು ನೀನು ಎಂದುಬಿಟ್ಟೆ. ಅವಳು ನಕ್ಕು, ತಾನೂ ನೀನು ಎನ್ನಲು ಶುರುಮಾಡಿದಳು. ಒಳ್ಳೆಯವಳು. ಆದರೆ ವೇಗ, ಮಗಳೇ. ಕಲ್ಲುಚಪ್ಪಡಿ ಮೇಲೆ ಕಡಲೆ ಸುರಿದ ಹಾಗೆ. ಅವಳು ಪ್ರಶ್ನೆ ಮುಗಿಸಿದಾಗ ಕೋಣೆಯಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಾರೆ. ಆ ಎರಡು ಕ್ಷಣ ನನಗೆ ಏನೂ ಕಾಣುವುದಿಲ್ಲ.

ಫರೀದಾ ಮೇಡಂ ಒಂದು ಪದ ಹೇಳಿಕೊಟ್ಟಿದ್ದಾರೆ. ಕೇಳಲು ನಮ್ಮ ‘ಓಂ’ ಇದ್ದಂತೆಯೇ ಇದೆ. ನಾವು ಎಂದೂ ಆಗುತ್ತದೆ, ಯಾರೋ ಒಬ್ಬರು ಎಂದೂ ಆಗುತ್ತದೆ. ‘ಓಂ ಸಾನೊಕ್ಯುಪ್’ ಎಂದರೆ, ನೋಡಿಕೊಳ್ಳೋಣ ಬಿಡಿ ಎಂದ ಹಾಗೆ. ನನಗೆ ಅದು ಬಹಳ ಹಿಡಿಸಿತು. ಒಂದು ವಾರ ಎಲ್ಲದಕ್ಕೂ ಅದನ್ನೇ ಹೇಳಿದೆ. ಕೊನೆಗೆ ಸೊಲಾಂಜ್, ಯಾರು, ಹೆಸರು ಹೇಳು ಎಂದಳು. ಅವರಲ್ಲಿ ಪ್ರತಿ ಕೆಲಸದ ಎದುರಿಗೂ ಒಂದು ಹೆಸರು ಬರೆಯಬೇಕು. ಅವತ್ತಿನಿಂದ ಹೆಸರು ಹೇಳುತ್ತಿದ್ದೇನೆ. ಯಾವುದೋ ಒಂದಕ್ಕೆ ಮಲ್ಕಾ ಹೆಸರನ್ನೂ ಹೇಳಿದೆ. ನೀನೇ ಹೇಳಿದ್ದೆಯಲ್ಲ, ವಹಿಸು ಎಂದು.

ಮಲ್ಕಾ ಜುಲೈ ಕೊನೆಯಲ್ಲಿ ಒಂದು ವಾರ ರಜೆಯಲ್ಲಿದ್ದಳು. ಅವಳ ಅತ್ತೆ ಮೆಹಬೂಬ್ ಬೀಗೆ ಕಣ್ಣಿನ ಪೊರೆ ತೆಗೆಸಿದರು. ಈಗ ಬಂದಿದ್ದಾಳೆ. ಕೆಲಸ ಜಾಸ್ತಿ, ಮಾತಾಡಲು ಪುರಸೊತ್ತಿಲ್ಲ.

ನಿದ್ದೆ ಸರಿಯಾಗಿ ಬರುತ್ತಿಲ್ಲ. ಪರೀಕ್ಷೆ ಮುಗಿಯಿತಲ್ಲ, ಇನ್ನು ಬರಬಹುದು.

ಮೊಣಕಾಲು ಹೇಗಿದೆ?

ಅಮ್ಮ

•

ಅಟ್ಟೂರು
13 ಅಕ್ಟೋಬರ್ 2024

ಧನು,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಓಟದಲ್ಲಿ ಪಾಸಾದೆ ಎಂದು ಓದಿ ದೇವರ ಮುಂದೆ ದೀಪ ಹಚ್ಚಿದೆ. ಭಾನುವಾರ ನೀನು ಫೋನು ಮಾಡಿದಾಗ ನಾನು ಮಹಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದೆ. ಅಪ್ಪ ಕೂಗಿದ್ದು ಕೇಳಿಸಲಿಲ್ಲ.

ಕಾರ್ಖಾನೆಯಲ್ಲಿ ಆಯುಧಪೂಜೆ ಆಯಿತು. ಈ ಸಲ ಜೋರಾಗಿ ಮಾಡಲಿಲ್ಲ. ಫ್ರಾನ್ಸಿಗೆ ಹೋದ ಮಾಲಿನಲ್ಲಿ ಮೂವತ್ತೆಂಟು ವೈರಿನ ಬಂಡಲ್ ವಾಪಸ್ ಬಂದಿವೆ. ವೈರಿನ ತುದಿಗೆ ಪಿನ್ನು ಒತ್ತಿ ಕೂರಿಸುವ ಇಕ್ಕಳ ಇದೆಯಲ್ಲ, ಅಂಥವು ನಮ್ಮಲ್ಲಿ ಹನ್ನೊಂದು. ಅದರಲ್ಲಿ ಒಂದು ಸವೆದಿತ್ತು. ಅದರಿಂದ ಒತ್ತಿದ ಪಿನ್ನುಗಳು ಅಲ್ಲಿ ಜೋಡಿಸುವಾಗ ಕೈಗೇ ಕಳಚಿಕೊಂಡು ಬಂದವಂತೆ. ವಿಮಾನಕ್ಕೆ ಯಾವುದೂ ಹೋಗಿಲ್ಲ. ಹೋಗುವ ಮುಂಚೆಯೇ ಸಿಕ್ಕಿತು. ಆ ಇಕ್ಕಳವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೀಲು ಮಾಡಿಟ್ಟಿದ್ದಾರೆ. ಉಳಿದ ಹತ್ತಕ್ಕೆ ಕುಂಕುಮ ಇಟ್ಟೆವು.

ಪ್ರತಿ ಸೋಮವಾರ ಅವನ್ನು ಪರೀಕ್ಷಿಸಬೇಕಿತ್ತು. ಪಟ್ಟಿಯಲ್ಲಿ ಅದರ ಎದುರಿಗೆ ಮಲ್ಕಾ ಹೆಸರಿದೆ. ಹೀಗಾಗಿ ಸೆಪ್ಟೆಂಬರ್ ಮೂವತ್ತರಿಂದ ಅವಳನ್ನು ಕೆಲಸಕ್ಕೆ ಬರಬೇಡ ಎಂದಿದ್ದಾರೆ. ವಿಚಾರಣೆ ಇದೆಯಂತೆ. ಏನೋ ಆಗುತ್ತದೆ, ಸರಿಹೋಗುತ್ತದೆ.

ನೀನು ಇದನ್ನು ಯಾರಿಗೂ ಹೇಳಬೇಡ. ಚೆನ್ನಾಗಿ ಊಟ ಮಾಡು.

ಅಮ್ಮ

•

ಜಕ್ಕೂರು
18 ಅಕ್ಟೋಬರ್ 2024, ಶುಕ್ರವಾರ

ಧನು ಬೇಟಾ,

ನಾನು ಮಲ್ಕಾ ಆಂಟಿ. ನಿನ್ನ ವಿಳಾಸ ನನ್ನ ಹತ್ತಿರ ಇತ್ತು. ಬಕ್ರೀದಿನಲ್ಲಿ ಖರ್ಜೂರ ಕಳಿಸಿದ್ದೆನಲ್ಲ, ಆ ಚೀಟಿ. ಜಕ್ಕೂರು ಕೆರೆಯ ಹತ್ತಿರ ಕಲ್ಲುಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಿಮ್ಮಮ್ಮ ನನ್ನ ಫೋನು ಎತ್ತುತ್ತಿಲ್ಲ. ನಾನು ಮೂರು ಸಲ ಮಾಡಿದೆ. ಮತ್ತೆ ಮಾಡುವುದಿಲ್ಲ. ಅವರ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಯಾರಿಗಾದರೂ ಹೇಳಬೇಕು, ಮನೆಯಲ್ಲಿ ಹೇಳುವ ಹಾಗಿಲ್ಲ.

ಕೆಲಸ ನಿಲ್ಲಿಸಿದ ದಿನ ಆಫೀಸಿನಲ್ಲಿ ನನಗೆ ಒಂದು ಹಾಳೆ ತೋರಿಸಿದರು. ಜುಲೈ ಮೂವತ್ತನೇ ತಾರೀಕಿನ ಮೀಟಿಂಗಿನದು, ಫ್ರೆಂಚಿನಲ್ಲಿ. ಇಕ್ಕಳಗಳ ಪರೀಕ್ಷೆ ಎಂದು ಬರೆದು ಎದುರಿಗೆ ‘ಮಲ್ಕಾ ಸಾನೊಕ್ಯುಪ್’ ಎಂದಿತ್ತು. ಅವರು ಅರ್ಥ ಹೇಳುವ ಮುಂಚೆಯೇ ನನಗೆ ಅರ್ಥವಾಯಿತು. ನಿಮ್ಮಮ್ಮನಿಗೆ ನಾನೇ ಹತ್ತು ಸಲ ಬಾಯಿಪಾಠ ಮಾಡಿಸಿದ ಮಾತು. ಮಲ್ಕಾ ನೋಡಿಕೊಳ್ಳುತ್ತಾಳೆ.

ಬೇಟಾ, ಜುಲೈ ಮೂವತ್ತರಂದು ನಾನು ಅತ್ತೆಯನ್ನು ಆಸ್ಪತ್ರೆಯಲ್ಲಿ ಮಲಗಿಸಿಕೊಂಡು ಕೂತಿದ್ದೆ. ಬಂದ ಮೇಲೂ ನನಗೆ ಯಾರೂ ಹೇಳಲಿಲ್ಲ. ನಾನು ಹಾಗೆಂದೆ. “ರಾಧಾಮಣಿ ಮೇಡಂ ಹೇಳಿದ ನೆನಪಿದೆ ಅಂತಾರಲ್ಲಮ್ಮ” ಎಂದು ಮಹೇಂದ್ರ ಸರ್ ಅಂದರು. ನಾನು ಅಲ್ಲೇ ಬಾಯಿ ಮುಚ್ಚಿಕೊಂಡೆ. ನನ್ನ ಗೇಟ್ ಪಾಸನ್ನು ಎಲ್ಲರ ಎದುರಿಗೇ ಬಿಚ್ಚಿಸಿಕೊಂಡರು.

ಹದಿನಾರು ವರ್ಷದಲ್ಲಿ ನನ್ನ ಕೈಯಿಂದ ಒಂದು ವೈರ್ ವಾಪಸ್ ಬಂದಿರಲಿಲ್ಲ.

ನೀನು ಏನೂ ಮಾಡಬೇಕಾಗಿಲ್ಲ. ನಿನ್ನ ಪರೇಡ್ ಚೆನ್ನಾಗಿ ಆಗಲಿ. ದುವಾ ಮಾಡುತ್ತೇನೆ.

ಮಲ್ಕಾ

•

ಕಲಬುರಗಿ
25 ಅಕ್ಟೋಬರ್ 2024

ಅಮ್ಮ,

ಮಲ್ಕಾ ಆಂಟಿಯ ಕಾಗದ ನಿನ್ನೆ ಬಂತು. ಅದನ್ನು ಇದರ ಜೊತೆ ಇಡುತ್ತಿಲ್ಲ, ಅದು ನನಗೆ ಬರೆದದ್ದು. ಜುಲೈ ಮೂವತ್ತರಂದು ಅವರು ರಜೆಯಲ್ಲಿದ್ದರು. ಅದನ್ನು ನೀನೇ ಆಗಸ್ಟಿನ ಕಾಗದದಲ್ಲಿ ಬರೆದಿದ್ದೀಯ. ತೆಗೆದು ಮತ್ತೆ ಓದಿದೆ.

ಇವತ್ತು ಕೃಷ್ಣಮ್ಮ ಮೇಡಂ ಹೇಳಿಕೆ ಬರೆದುಕೊಳ್ಳುವುದನ್ನು ಕಲಿಸಿದರು. “ಹೇಳಿದ ನೆನಪು, ನೋಡಿದ ನೆನಪು ಅಂತ ಯಾರಾದ್ರೂ ಅಂದ್ರೆ ಪೆನ್ ಕೆಳಗಿಡಿ. ಅದು ನಿಜಾನೂ ಅಲ್ಲ, ಸುಳ್ಳೂ ಅಲ್ಲ. ಮುಂದೆ ಯಾವ ಕಡೆಗಾದ್ರೂ ಜಾರ್ಕೋಬಹುದು. ಎಲ್ಲಿ ಹೇಳಿದ್ರಿ, ಎಷ್ಟು ಗಂಟೆಗೆ, ಪಕ್ಕದಲ್ಲಿ ಯಾರಿದ್ರು ಕೇಳಿ” ಎಂದರು. ಎಲ್ಲರೂ ಬರೆದುಕೊಂಡರು. ನನಗೆ ಬರೆಯಲು ಕೈ ಏಳಲಿಲ್ಲ. ಮನೆಯವರನ್ನು ಕೇಳಬೇಕಾದ ಪ್ರಶ್ನೆಯನ್ನು ಪಾಠದಲ್ಲಿ ಕೇಳಿದ ಹಾಗಾಯಿತು.

ನಾನು ಇನ್ನೂ ಪೊಲೀಸ್ ಆಗಿಲ್ಲ, ನಿನ್ನ ವಿಚಾರಣೆ ಮಾಡುವುದಿಲ್ಲ. ಒಂದೇ ಕೇಳುತ್ತೇನೆ. ಅವರು ಬಂದ ಮೇಲೆ ಹೇಳಿದೆಯಾ, ಇಲ್ಲವಾ? ಮರೆತೆಯಾ? ಮರೆತಿದ್ದರೆ ಮರೆತೆ ಎಂದು ಹೇಳು, ಅದಕ್ಕೆ ಕ್ಷಮೆ ಇದೆ. ಅಥವಾ ಅವತ್ತು ಆ ಫ್ರೆಂಚ್ ಮಾತು ತಪ್ಪಾಗಿ ಬಾಯಿಗೆ ಬಂತಾ? ಹಾಗೇ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ಇನ್ನೊಂದು. ನನ್ನ ಕೆಲಸಕ್ಕೆ ತೊಂದರೆಯಾಗುತ್ತದೆ, ಮಗಳ ಭವಿಷ್ಯ ಎಂದೆಲ್ಲ ನೀನು ಯೋಚಿಸುತ್ತಿರುತ್ತೀಯ. ನನ್ನನ್ನು ಅಡ್ಡ ಇಟ್ಟುಕೊಳ್ಳಬೇಡ.

ಈ ಭಾನುವಾರ ನಾನು ಫೋನಿನ ಸಾಲಿಗೆ ಹೋಗುವುದಿಲ್ಲ. ಬರೆದು ತಿಳಿಸು.

ಧನುಶ್ರೀ

•

ಅಟ್ಟೂರು
3 ನವೆಂಬರ್ 2024

ಧನು,

ಹಬ್ಬದ ಮೂರು ದಿನ ನಿನ್ನ ಕಾಗದವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ. ಅಪ್ಪ ಓದುವುದು ಬೇಡವೆಂದಲ್ಲ. ನಾನು ಮತ್ತೆ ಓದುವುದು ಬೇಡವೆಂದು.

ಹೇಳುತ್ತೇನೆ. ಇಕ್ಕಳಗಳ ಪರೀಕ್ಷೆ ಸೂಪರ್‌ವೈಸರಿನದೇ ಕೆಲಸ, ಅಂದರೆ ನನ್ನದು. ಒಂದೊಂದರಿಂದಲೂ ಒಂದು ಪಿನ್ನು ಒತ್ತಿ, ಯಂತ್ರಕ್ಕೆ ಸಿಕ್ಕಿಸಿ ಎಳೆಸಿ, ಎಷ್ಟು ಭಾರಕ್ಕೆ ಕಳಚಿತು ಎಂದು ಬರೆಯಬೇಕು. ಹನ್ನೊಂದಕ್ಕೆ ಒಂದೂವರೆ ಗಂಟೆ ಬೇಕು. ಜುಲೈ ಪೂರ್ತಿ ಫ್ರೆಂಚ್ ಪರೀಕ್ಷೆಯ ಭಯದಲ್ಲಿ ನಾನು ಎರಡು ಸೋಮವಾರ ಮಾಡಿರಲಿಲ್ಲ. ಮೂವತ್ತನೇ ತಾರೀಕು ಸೊಲಾಂಜ್ ಅದನ್ನೇ ಕೇಳಿದಳು. ಇಕ್ಕಳಗಳ ಪರೀಕ್ಷೆಯ ಲೆಕ್ಕ ಬಂದಿಲ್ಲ, ಇದನ್ನು ಯಾರು ವಹಿಸಿಕೊಂಡಿದ್ದಾರೆ ಎಂದು. ಪ್ರತಿ ಪದವೂ ಅರ್ಥವಾಯಿತು. ಅಷ್ಟು ಚೆನ್ನಾಗಿ ಬೇರೆ ಯಾವ ದಿನವೂ ಅರ್ಥವಾಗಿರಲಿಲ್ಲ. ನಾನು ಎಂದು ಹೇಳಲು ಬಾಯಿ ತೆರೆದೆ. ಮಹೇಂದ್ರ ಸರ್ ನನ್ನನ್ನೇ ನೋಡುತ್ತಿದ್ದರು. ಮಲ್ಕಾ ಸಾನೊಕ್ಯುಪ್ ಎಂದೆ. ಗಾಜಿನಾಚೆ ಬೆಂಚಿನ ಮುಂದೆ ಖಾಲಿ ಇದ್ದ ಅವಳ ಕುರ್ಚಿ ನೋಡಿಕೊಂಡೇ ಹೇಳಿದೆ.

ಬಂದ ಮೇಲೆ ಅವಳಿಗೆ ಹೇಳೋಣ ಎಂದುಕೊಂಡೆ. ಹೇಳಿದರೆ, ಇದು ನಿಮ್ಮ ಕೆಲಸ ಅಲ್ವಾ ರಾಧಕ್ಕ, ಎರಡು ವಾರದಿಂದ ಯಾಕೆ ಆಗಿಲ್ಲ ಎನ್ನುತ್ತಾಳೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ. ಮುಂದಿನ ವಾರ ಸೊಲಾಂಜ್ ‘ಸೆ ಫೆ?’ ಎಂದು ಕೇಳಿದಳು. ಆಗಿದೆ ಎಂದೆ. ಆಗಿರಲಿಲ್ಲ. ಮೂರು ವಾರ ಹೀಗೇ ಹೇಳಿದೆ. ಹಳೆಯ ಅಂಕಿಗಳನ್ನೇ ಅಷ್ಟಿಷ್ಟು ಬದಲಿಸಿ ಬರೆದೆ. ಪರೀಕ್ಷೆ ಪಾಸಾದ ಮೇಲೆ ಕೂತು ಎಲ್ಲವನ್ನೂ ಸರಿಮಾಡುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ. ಮಾಡಿದೆ ಕೂಡ, ಆಗಸ್ಟ್ ಕೊನೆಯಲ್ಲಿ. ಅಷ್ಟರಲ್ಲಿ ಆ ಮೂವತ್ತೆಂಟು ಬಂಡಲ್ ಫ್ರಾನ್ಸಿಗೆ ಹೋಗಿಯಾಗಿತ್ತು. ಏಳನೇ ನಂಬರಿನ ಇಕ್ಕಳ ಸವೆದಿರುವುದು ಆ ದಿನ ನನ್ನ ಕಣ್ಣಿಗೆ ಬಿತ್ತು. ಅದನ್ನು ಪಕ್ಕಕ್ಕೆ ಇಟ್ಟೆ. ಯಾರಿಗೂ ಹೇಳಲಿಲ್ಲ.

ಹೇಳಿದ ನೆನಪಿದೆ ಎಂದದ್ದೂ ನಿಜ.

ಕಳೆದ ಮಂಗಳವಾರ ಅರ್ಧ ದಿನ ರಜೆ ಹಾಕಿ ಹಳೇ ಯಲಹಂಕಕ್ಕೆ ಹೋದೆ, ಮಲ್ಕಾ ಮನೆಗೆ. ಕಾಲಿಗೆ ಬಿದ್ದುಬಿಡೋಣ ಎಂದುಕೊಂಡೇ ಹೋಗಿದ್ದೆ. ಮೆಹಬೂಬ್ ಬೀ ಬಾಗಿಲು ತೆಗೆದರು. ಕಪ್ಪು ಕನ್ನಡಕ ತೆಗೆದು ನನ್ನನ್ನು ನೋಡಿ, “ಈಗ ನಿನ್ ಮುಖ ಚೆನ್ನಾಗಿ ಕಾಣ್ತದೆ ರಾಧಾ” ಎಂದರು. ಮಲ್ಕಾ ಎಲ್ಲಿ ಎಂದೆ. “ಡ್ಯೂಟಿಗೆ ಹೋಗಿದಾಳಲ್ಲಮ್ಮ. ಬೆಳಿಗ್ಗೆ ಟಿಫನ್ ಕಟ್ಕೊಂಡು ಹೋದ್ಲು. ನೀವಿಬ್ರೂ ಒಂದೇ ವ್ಯಾನಲ್ಲಿ ಹೋಗೋದಲ್ವಾ?”

ಒಂದು ತಿಂಗಳಿಂದ ಅವಳು ದಿನಾ ಡಬ್ಬಿ ಕಟ್ಟಿಕೊಂಡು ಮನೆ ಬಿಟ್ಟು, ಎಲ್ಲೋ ಕೂತಿದ್ದು, ಸಂಜೆ ವಾಪಸ್ ಬರುತ್ತಿದ್ದಾಳೆ. ಮೆಹಬೂಬ್ ಬೀ ಚಹಾ ಕೊಟ್ಟರು. ಕುಡಿದೆ. ನಾನು ಇವತ್ತು ರಜೆ ಎಂದೆ.

ವಿಚಾರಣೆ ಹನ್ನೊಂದನೇ ತಾರೀಕು. ಮಹೇಂದ್ರ ಸರ್ ನನ್ನನ್ನು ಕರೆದು ಮೆಲ್ಲಗೆ ಹೇಳಿದರು. “ಮೇಡಂ, ಇದನ್ನ ಭಾಷೆ ಗೊಂದಲ ಅಂತ ಬರೆದು ಮುಗಿಸೋಣ. ನೀವು ಹೊಸಬರು, ಫ್ರೆಂಚಲ್ಲಿ ಒಂದ್ ಪದ ಹೆಚ್ಚುಕಮ್ಮಿ ಆಯ್ತು. ಮಲ್ಕಾಗೆ ಒಂದ್ ವಾರ್ನಿಂಗ್ ಕೊಟ್ಟು ವಾಪಸ್ ತಗೋತೀವಿ. ನಿಮ್ ಪೋಸ್ಟೂ ಉಳಿಯುತ್ತೆ.” ಅಪ್ಪನಿಗೂ ಅದೇ ಸರಿ ಎನಿಸಿದೆ. ಯಾರಿಗೂ ನಷ್ಟ ಇಲ್ಲವಲ್ಲ ಎನ್ನುತ್ತಾರೆ. ನನಗೂ ಹಾಗೇ ಎನಿಸುತ್ತದೆ. ಹಾಗೆ ಎನಿಸಿದಾಗಲೆಲ್ಲ ಮೆಹಬೂಬ್ ಬೀ ಕೊಟ್ಟ ಚಹಾ ನೆನಪಾಗುತ್ತದೆ.

ನೀನು ಬೇಡಿಕೊಂಡದ್ದೂ ಅದನ್ನೇ, ಭಾಷೆಯ ತಪ್ಪಾಗಿರಲಿ ಎಂದು. ಅಲ್ಲ ಮಗಳೇ.

ಅಮ್ಮ

•

ಕಲಬುರಗಿ
8 ನವೆಂಬರ್ 2024

ಅಮ್ಮ,

ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ, ಸೋಮವಾರದೊಳಗೆ ಸಿಗಲಿ.

ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಎರಡು ರಾತ್ರಿ ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಈಗ ಸಿಟ್ಟಿಲ್ಲ, ಹೆದರಿಕೆ ಇದೆ. ವಾರ್ನಿಂಗ್ ಎಂದರೆ ಅವರ ಹೆಸರಿನ ಮೇಲೆ ಒಂದು ಕಾಗದ ಇರುತ್ತದೆ, ಅವರು ನಿವೃತ್ತಿ ಆಗುವವರೆಗೂ. ಅದೊಂದನ್ನು ಮರೆಯಬೇಡ.

ನೀನು ನನಗೆ ನಿಜ ಬರೆದೆ. ಬರೆಯುವುದು ಸುಲಭವಿರಲಿಲ್ಲ ಎಂದು ಗೊತ್ತು. ಪೆನ್ನು ಒತ್ತಿ ಎರಡು ಕಡೆ ಹಾಳೆ ಹರಿದಿದೆ.

ಈ ಭಾನುವಾರ ಸಾಲಿನಲ್ಲಿ ನಿಲ್ಲುತ್ತೇನೆ. ಎತ್ತು.

ಧನು

•

ಅಟ್ಟೂರು
24 ನವೆಂಬರ್ 2024

ಧನು,

ಫೋನಿನಲ್ಲಿ ಅರ್ಧ ಹೇಳಿದ್ದೆ. ಪೂರ್ತಿ ಬರೆಯುತ್ತೇನೆ.

ಹನ್ನೊಂದರಂದು ಮೇಲಿನ ಕೋಣೆಯಲ್ಲಿ ಮಹೇಂದ್ರ ಸರ್, ಸಿಬ್ಬಂದಿ ವಿಭಾಗದ ಮೇಡಂ, ಅನುವಾದಕ್ಕೆಂದು ಫರೀದಾ ಮೇಡಂ. ಪರದೆಯ ಮೇಲೆ ಸೊಲಾಂಜ್. ಮಲ್ಕಾ ಕಿಟಕಿಯ ಪಕ್ಕ ಕೂತಿದ್ದಳು. ತೆಳ್ಳಗಾಗಿದ್ದಳು. ನನ್ನ ಕಡೆ ನೋಡಲಿಲ್ಲ.

ಮಹೇಂದ್ರ ಸರ್ ಕಾಗದ ಓದಿದರು. ಭಾಷೆಯ ಗೊಂದಲದಿಂದ ತಪ್ಪು ಹೆಸರು ದಾಖಲಾಗಿದೆ ಎಂದು. ಫರೀದಾ ಮೇಡಂ ಅದನ್ನು ಫ್ರೆಂಚಿಗೆ ತಿರುಗಿಸುತ್ತಿದ್ದರು. ಅರ್ಧದಲ್ಲಿ ನಾನು ಎದ್ದು ನಿಂತೆ. ಏಳಬೇಕೆಂದು ತೀರ್ಮಾನಿಸಿದ ನೆನಪಿಲ್ಲ. ಇದು ಕೃಷ್ಣಮ್ಮ ಮೇಡಂ ಹೇಳುವ ನೆನಪಲ್ಲ, ನಿಜವಾಗಿಯೂ ಇಲ್ಲ. ಸೊಲಾಂಜ್‌ಳನ್ನು ನೋಡಿ ಹೇಳಿದೆ. “ಜೆ ಕೋಂಪ್ರಿ ಲಾ ಕೆಸ್ತಿಯೋಂ.” ನನಗೆ ಪ್ರಶ್ನೆ ಅರ್ಥವಾಗಿತ್ತು. ಆಮೇಲೆ, “ಜೆ ಮಾಂತಿ.” ನಾನು ಸುಳ್ಳು ಹೇಳಿದೆ. ಆ ಪದ ನಮ್ಮ ಪಾಠದಲ್ಲಿ ಇರಲಿಲ್ಲ, ಹಿಂದಿನ ದಿನ ನಿಘಂಟಿನಲ್ಲಿ ಹುಡುಕಿ ಬರೆದುಕೊಂಡಿದ್ದೆ. ಹೇಳುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದೆಯೇ ಬರೆದುಕೊಂಡಿದ್ದೆ.

ಮಹೇಂದ್ರ ಸರ್, “ಮೇಡಂ, ಕೂತ್ಕೊಳ್ಳಿ, ಏನಂತಿದೀರ ಅಂತ ಗೊತ್ತಾ?” ಎಂದರು. ಗೊತ್ತು ಸರ್ ಎಂದೆ. ಉಳಿದದ್ದನ್ನು ಕನ್ನಡದಲ್ಲೇ ಹೇಳಿದೆ. ಎರಡು ಸೋಮವಾರ, ಖಾಲಿ ಕುರ್ಚಿ, ಬದಲಿಸಿ ಬರೆದ ಅಂಕಿಗಳು, ಏಳನೇ ನಂಬರು. ಫರೀದಾ ಮೇಡಂ ಒಂದೊಂದನ್ನೂ ಹೇಳುತ್ತಾ ಹೋದರು. ಸೊಲಾಂಜ್ ಕನ್ನಡಕವನ್ನು ಹಣೆಯಿಂದ ಇಳಿಸಿ ಮೇಜಿನ ಮೇಲಿಟ್ಟಳು. “ಪುರ್ಕ್ವಾ?” ಎಂದಳು. ಯಾಕೆ ಎಂದು. ಅಷ್ಟು ತಿಂಗಳು ಕಲಿತದ್ದರಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಕನ್ನಡದಲ್ಲೂ ಒಂದೇ ಪದ ಸಿಕ್ಕಿತು, ಹೆದರಿಕೆ ಎಂದೆ. ಸೊಲಾಂಜ್ ಏನೋ ಹೇಳಿದಳು. ಫರೀದಾ ಮೇಡಂ ನನಗೆ ಹೇಳಿದ್ದು ಇಷ್ಟು: “ಆ ಪಿನ್ ಕಳಚಿದ್ದು ನಮ್ಮಲ್ಲಿ ಒಬ್ಬ ಹೆಂಗಸಿನ ಕೈಯಲ್ಲಿ. ಅವಳು ಗಮನಿಸದೇ ಇದ್ದಿದ್ದರೆ ಅಂತ ನಾನು ದಿನಾ ಯೋಚನೆ ಮಾಡ್ತೀನಿ ಅಂತಿದಾರೆ.”

ನಾನೂ ಅದನ್ನೇ ಯೋಚಿಸುತ್ತೇನೆ. ನಮ್ಮ ಮನೆಯ ಮೇಲೆ ವಿಮಾನ ಹಾರಿದಾಗಲೆಲ್ಲ.

ಮಲ್ಕಾಗೆ ಯಾವ ವಾರ್ನಿಂಗೂ ಇಲ್ಲ. ಆರು ವಾರದ ಸಂಬಳ ಕೊಟ್ಟರು, ತಪ್ಪಾಯಿತು ಎಂದು ಬರೆದೂ ಕೊಟ್ಟರು. ನನ್ನನ್ನು ಒಂದು ವಾರ ಹೊರಗಿಟ್ಟರು. ಕೆಲಸ ಹೋಗುತ್ತದೆ ಎಂದೇ ತಿಳಿದು ನಿಮ್ಮಪ್ಪ ಯಾರು ಯಾರನ್ನೋ ವಿಚಾರಿಸುತ್ತಿದ್ದರು. ಇಪ್ಪತ್ತನೇ ತಾರೀಕು ಕರೆದರು. ಕೊನೆಯ ಎಚ್ಚರಿಕೆ, ಬೆಂಚಿನ ಕೆಲಸ, ಒಂದು ವರ್ಷ ನನ್ನ ಪ್ರತಿ ಬಂಡಲನ್ನೂ ಸೂಪರ್‌ವೈಸರ್ ಪರೀಕ್ಷಿಸಿಯೇ ಬಿಡಬೇಕು. ಸೂಪರ್‌ವೈಸರ್ ಈಗ ಮಲ್ಕಾ. ಮೀಟಿಂಗಿಗೂ ಅವಳೇ ಹೋಗುತ್ತಾಳೆ. ಬಾಗಿಲ ಆಚೆಗೆ ಅವಳ ಫ್ರೆಂಚ್ ಕೇಳಿಸುತ್ತದೆ. ತಡವರಿಸುವುದಿಲ್ಲ. ತಪ್ಪಾದರೆ ನಕ್ಕು ಮುಂದೆ ಹೋಗುತ್ತಾಳೆ.

ಮೊದಲ ದಿನ ನಾನು ಅವಳ ಮೇಜಿನ ಹತ್ತಿರ ಹೋಗಿ, “ಮಲ್ಕಾ, ಒಂದು ಮಾತು” ಎಂದೆ. ಅವಳು ಪಟ್ಟಿಯಿಂದ ತಲೆ ಎತ್ತಲಿಲ್ಲ. “ಈಗ ಬೇಡ. ಶಿಫ್ಟ್ ನಡೀತಿದೆ. ಈ ಆರು ಬಂಡಲ್ ನಿಮ್ದು, ನಾಲ್ಕು ಗಂಟೆಯೊಳಗೆ ಬೇಕು.” ಆಯಿತು ಎಂದೆ. ಸಂಜೆ ವ್ಯಾನಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತಳು. ಇಳಿಯುವ ಮುಂಚೆ ಒಮ್ಮೆ ತಿರುಗಿದಳು. “ನಮ್ ಅತ್ತೆಗೆ ಏನೂ ಗೊತ್ತಿಲ್ಲ. ಗೊತ್ತಾಗೋದೂ ಬೇಡ. ನೀವು ಬಂದಿದ್ರಿ ಅಂದ್ರು. ಅವತ್ತು ನೀವು ಅವ್ರ ಮುಂದೆ ನನ್ನ ಬಿಟ್ಕೊಡಲಿಲ್ಲ, ಅದೊಂದು ಒಳ್ಳೇದ್ ಮಾಡಿದ್ರಿ” ಎಂದಳು. ಅಷ್ಟೇ. ಬೇರೆ ಮಾತು ಇಲ್ಲ. ಇರಬೇಕೆಂದು ನಾನು ಕೇಳುವ ಹಾಗೂ ಇಲ್ಲ.

ಮೊನ್ನೆ ಶುಕ್ರವಾರ ನನ್ನ ಆರು ಬಂಡಲ್ ಮುಗಿಸಿ ಅವಳ ಮುಂದಿಟ್ಟೆ. ಒಂದೊಂದರಲ್ಲಿ ನಲವತ್ತೆಂಟು ಪಿನ್ನು. ಬೇರೆಯವರದನ್ನು ಐದಕ್ಕೆ ಒಂದರಂತೆ ನೋಡುತ್ತಾಳೆ. ನನ್ನದನ್ನು ದೀಪದ ಕೆಳಗೆ ಹಿಡಿದು ಒಂದನ್ನೂ ಬಿಡದೆ, ಪ್ರತಿ ವೈರನ್ನೂ ಬೆರಳಿಗೆ ಸುತ್ತಿ ಎಳೆದು ನೋಡಿದಳು. ಅಕ್ಕಪಕ್ಕದವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಮುಕ್ಕಾಲು ಗಂಟೆ ನಾನು ಕೈಕಟ್ಟಿಕೊಂಡು ಅವಳ ಎದುರಿಗೆ ನಿಂತಿದ್ದೆ. ಕಳಚಿದರೆ ಎಂಬ ಭಯದಲ್ಲಿ ಪ್ರತಿ ಎಳೆತವನ್ನೂ ಎಣಿಸುತ್ತಿದ್ದೆ. ನಾಚಿಕೆಯೂ ಆಗುತ್ತಿತ್ತು. ಆದರೂ ಮಗಳೇ, ಬೇಗ ಮುಗಿಸಲಿ ಎಂದು ಒಮ್ಮೆಯೂ ಎನಿಸಲಿಲ್ಲ. ಇನ್ನೂ ಗಟ್ಟಿಯಾಗಿ ಎಳೆಯಲಿ ಎಂದೇ ಇತ್ತು.

ಒಂದೂ ಕಳಚಲಿಲ್ಲ. ಅವಳು ಮುದ್ರೆ ಒತ್ತಿ, ಪಕ್ಕದವಳ ಬಂಡಲ್ ಎತ್ತಿಕೊಂಡಳು.

ನಿನ್ನ ಅಮ್ಮ,
ರಾಧಾಮಣಿ